ಬೋನಸ್ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

ನಮ್ಮಂಥ ಜಿಲ್ಲಾ ಸ್ಟ್ರಿಂಜರ್‌ಗಳಿಗೆ, ಊರ ಮಟ್ಟದಲ್ಲಿ ಸಣ್ಣ ಸುದ್ದಿತಾಣ ನಡೆಸುವವರಿಗೆ ಈಗ ಹೊಸ ಬಗೆಯ ಲೇಖನಗಳು ಇಮೇಲ್‌ನಲ್ಲಿ ಬರುತ್ತಿವೆ. 'ಆನ್‌ಲೈನ್ ಕ್ಯಾಸಿನೊ ಬೋನಸ್: ಷರತ್ತುಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?' ಎಂಬ ಧಾಟಿಯ ತಲೆಬರಹ. ಬರೆಯುವ ಕಷ್ಟವೂ ನಮಗಿಲ್ಲ, ಲೇಖನ ಸಿದ್ಧವಾಗಿಯೇ ಬರುತ್ತದೆ. ನಡುವೆ ಒಂದೋ ಎರಡೋ ಲಿಂಕ್ ಇರುತ್ತವೆ. ಪ್ರಕಟಿಸಿದರೆ ದುಡ್ಡು. ಒಂದು ಸುದ್ದಿಗೆ ಪತ್ರಿಕೆ ಕೊಡುವ ಗೌರವಧನಕ್ಕಿಂತ ಅದು ಹಲವು ಪಟ್ಟು ಹೆಚ್ಚು.

ಈ ಲೇಖನಗಳ ಜಾಣತನ ಏನೆಂದರೆ, ಅವು 'ಆಡಿ' ಎಂದು ಹೇಳುವುದಿಲ್ಲ. 'ಓದಿ ಆಡಿ' ಎನ್ನುತ್ತವೆ. ಎಚ್ಚರಿಕೆ ಹೇಳುವ ಅಣ್ಣನ ಧ್ವನಿ. ಷರತ್ತು ಓದಿದವನು ಗೆಲ್ಲುತ್ತಾನೆ, ಓದದವನು ಕಳೆದುಕೊಳ್ಳುತ್ತಾನೆ ಎಂಬುದು ಅವುಗಳ ಒಳಮಾತು. ಹಣ ಹೋದರೆ ತಪ್ಪು ಓದದವನದು!

ನಾವು ಹೇಳುವುದು ಇಷ್ಟೇ. ಆ ಷರತ್ತುಗಳನ್ನು ನಿಜಕ್ಕೂ ಓದಿದವನು ಆಡುವುದೇ ಇಲ್ಲ. ಹಾಗಾಗಿ 'ಓದಿ ಆಡಿ' ಎಂಬ ಉಪದೇಶವೇ ಸುಳ್ಳು. ಅವರು ಓದಿ ಎನ್ನುತ್ತಾರಲ್ಲ, ಬನ್ನಿ, ಓದೋಣ. ಕಾಗದ ಪೆನ್ನು ಇಟ್ಟುಕೊಂಡು, ನಮ್ಮ ಊರಿನ ಲೆಕ್ಕದಲ್ಲೇ ಓದೋಣ.

ಎರಡು ಸಾವಿರದ ಲೆಕ್ಕ

ಗೃಹಲಕ್ಷ್ಮಿಯ ಒಂದು ತಿಂಗಳ ಕಂತು 2,000 ರೂಪಾಯಿ. ಅಷ್ಟೇ ಹಣವನ್ನು ಒಬ್ಬ ಹುಡುಗ ಆಪ್‌ಗೆ ಹಾಕಿದ ಎಂದಿಟ್ಟುಕೊಳ್ಳಿ. 'ಶೇ 100 ಸ್ವಾಗತ ಬೋನಸ್' ಎಂದು ಇನ್ನೂ 2,000 ಸೇರುತ್ತದೆ. ಪರದೆಯ ಮೇಲೆ 4,000 ಕಾಣುತ್ತದೆ. ಇಷ್ಟು ಮಾತ್ರ ಜಾಹೀರಾತಿನಲ್ಲಿರುತ್ತದೆ, ಅದೂ ಚೆಂದದ ಕನ್ನಡದಲ್ಲಿ.

ಷರತ್ತಿನ ಪುಟಕ್ಕೆ ಹೋದರೆ 'ವೇಜರಿಂಗ್ ರಿಕ್ವೈರ್‌ಮೆಂಟ್ 35 ಪಟ್ಟು, ಠೇವಣಿ ಮತ್ತು ಬೋನಸ್ ಸೇರಿ' ಎಂದಿರುತ್ತದೆ. ಅಂದರೆ ಆ 4,000ದ 35 ಪಟ್ಟು, ಒಟ್ಟು 1,40,000 ರೂಪಾಯಿ ಮೊತ್ತದ ಪಣವನ್ನು ಒಡ್ಡಿ ಮುಗಿಸುವ ತನಕ ಒಂದು ಪೈಸೆಯನ್ನೂ ಹೊರಗೆ ತೆಗೆಯುವಂತಿಲ್ಲ. ಇದು ಯಾವುದೋ ಒಂದು ಕಂಪನಿಯ ಷರತ್ತಲ್ಲ. ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ. ಕೆಲವೆಡೆ 30 ಪಟ್ಟು, ಕೆಲವೆಡೆ 50.

ಇನ್ನು ಆಟಕ್ಕೆ ಬನ್ನಿ. ಸ್ಲಾಟ್ ಆಟಗಳಲ್ಲಿ 'ಆರ್‌ಟಿಪಿ ಶೇ 96' ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಆಟಗಾರನಿಗೆ ವಾಪಸಾಗುವ ಪಾಲು ಎಂದು ಇದರ ಅರ್ಥ. ಓದಿದವನಿಗೆ ಏನನಿಸುತ್ತದೆ? 2,000 ಹಾಕಿದರೆ 1,920 ಹೇಗೂ ಬರುತ್ತದೆ, ಹೋಗುವುದು 80 ರೂಪಾಯಿ ತಾನೇ ಎಂದು. ಆದರೆ ಆ ಶೇ 96 ಹಾಕಿದ ಠೇವಣಿಯ ಲೆಕ್ಕವಲ್ಲ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಪಣದಲ್ಲಿ ಸರಾಸರಿ ಶೇ 4 ಕಂಪನಿಗೆ ಹೋಗುತ್ತದೆ. ಬಂದ ಹಣವನ್ನೇ ಮತ್ತೆ ಒಡ್ಡಿದರೆ ಮತ್ತೆ ಶೇ 4. 1,40,000ಕ್ಕೆ ಶೇ 4 ಎಂದರೆ 5,600 ರೂಪಾಯಿ. ಕೈಯಲ್ಲಿ ಬೋನಸ್ ಸೇರಿ ಇರುವುದೇ 4,000. ಷರತ್ತು ಮುಗಿಯುವ ಮೊದಲೇ ಹಣ ಮುಗಿಯಬೇಕು, ಲೆಕ್ಕ ಹಾಗೇ ಕೂತಿದೆ.

'ನಮ್ಮದು ಬೋನಸ್ ಮೊತ್ತಕ್ಕೆ ಮಾತ್ರ 35 ಪಟ್ಟು' ಎನ್ನುವ ಉದಾರಿಗಳೂ ಇದ್ದಾರೆ. ಅಲ್ಲಿ 70,000 ಒಡ್ಡಬೇಕು. ಶೇ 4ರಂತೆ 2,800 ಹೋಗುತ್ತದೆ. ಸಿಕ್ಕ ಬೋನಸ್ 2,000. ಕೊಟ್ಟಿದ್ದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು. ಇದಕ್ಕೆ ಉಡುಗೊರೆ ಎಂದು ಹೆಸರು.

ಯಾರೂ ಗೆಲ್ಲುವುದಿಲ್ಲವೇ? ಗೆಲ್ಲುತ್ತಾರೆ. ನಾವು ಹೇಳಿದ್ದು ಸರಾಸರಿಯ ಲೆಕ್ಕ. ಸಾವಿರ ಜನರಲ್ಲಿ ಕೆಲವರು ಅದೃಷ್ಟದಿಂದ ದಾಟಿಕೊಳ್ಳುತ್ತಾರೆ. ಆ ಕೆಲವರ ಸ್ಕ್ರೀನ್‌ಶಾಟ್‌ಗಳೇ ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವುದು. ಉಳಿದವರು ಸ್ಕ್ರೀನ್‌ಶಾಟ್ ಹಾಕುವುದಿಲ್ಲ. ದಾಟಿಕೊಂಡವರಿಗೂ ಮುಂದಿನ ಷರತ್ತುಗಳು ಕಾದಿರುತ್ತವೆ.

ದಾಟಿದವನಿಗೆ ಇನ್ನೊಂದು ಹಳ್ಳ

ಮೊದಲನೆಯದು ಆಟದ ಪಾಲು. ಸ್ಲಾಟ್ ಆಡಿದರೆ ಪಣದ ಪೂರ್ತಿ ಮೊತ್ತ ಲೆಕ್ಕಕ್ಕೆ ಬರುತ್ತದೆ. ರೂಲೆಟ್, ಬ್ಲ್ಯಾಕ್‌ಜಾಕ್‌ನಂಥ ಆಟಗಳಲ್ಲಿ ಶೇ 10 ಮಾತ್ರ, ಕೆಲವು ಆಟಗಳಿಗೆ ಸೊನ್ನೆ. ಒಂದೇ ಸೊನ್ನೆಯ ಚಕ್ರವಿರುವ ರೂಲೆಟ್‌ನಲ್ಲಿ ಕಂಪನಿಯ ಪಾಲು ಶೇ 2.7, ಸ್ಲಾಟ್‌ಗಿಂತ ಕಡಿಮೆ ಎಂದು ಯಾರೋ ಬುದ್ಧಿವಂತ ಅಲ್ಲಿಗೆ ಹೋದ ಎನ್ನಿ. 1,40,000ದ ಷರತ್ತು ಮುಗಿಸಲು ಅವನು 14 ಲಕ್ಷ ರೂಪಾಯಿ ಒಡ್ಡಬೇಕು. ಸರಾಸರಿ ನಷ್ಟ 37,800. ಬುದ್ಧಿವಂತಿಕೆಗೂ ದಂಡ ಕಟ್ಟಿಸಿಕೊಳ್ಳುವ ಷರತ್ತು ಇದು.

ಎರಡನೆಯದು ಗಡುವು. ಏಳು ದಿನದಲ್ಲಿ ಮುಗಿಸದಿದ್ದರೆ ಬೋನಸ್ಸೂ ಅದರಿಂದ ಗೆದ್ದದ್ದೂ ರದ್ದು. ಹತ್ತು ರೂಪಾಯಿಯ ಪಣದಲ್ಲಿ 1,40,000 ಮುಗಿಸಲು 14,000 ಸಲ ಗುಂಡಿ ಒತ್ತಬೇಕು. ಆರು ಸೆಕೆಂಡಿಗೆ ಒಂದರಂತೆ ಒತ್ತಿದರೂ 23 ಗಂಟೆ ಚಿಲ್ಲರೆ. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಹೊತ್ತು, ವಾರವಿಡೀ. ಗೀಳು ಎನ್ನುವುದು ಆಡುವವನ ಮನೋದೌರ್ಬಲ್ಯ ಎಂದು ಭಾಷಣ ಮಾಡುವವರು ಈ ಅಂಕಿಯನ್ನು ನೋಡಬೇಕು. ದಿನಕ್ಕೆ ಮೂರು ಗಂಟೆ ಆಡು ಎಂದು ಬರಹದಲ್ಲೇ ಕೇಳಿದ್ದಾರೆ.

ಮೂರನೆಯದು ಪಣದ ಮಿತಿ. ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಸಲಕ್ಕೆ ಇಷ್ಟೇ ಒಡ್ಡಬೇಕು ಎಂದಿರುತ್ತದೆ. ಬೇಗ ಮುಗಿಸಲು ಹೋಗಿ ಒಮ್ಮೆ ಮೀರಿದರೂ ಗೆದ್ದದ್ದೆಲ್ಲ ಮುಟ್ಟುಗೋಲು. ಹಲವು ಆಪ್‌ಗಳು ಮಿತಿ ಮೀರುವಾಗ ತಡೆಯುವುದಿಲ್ಲ. ಸೋತರೆ ಕೇಳುವುದೂ ಇಲ್ಲ. ಗೆದ್ದು ಹಣ ಕೇಳಿದಾಗ ಹಳೆಯ ದಾಖಲೆ ತೆಗೆದು ತೋರಿಸುತ್ತಾರೆ.

ನಾಲ್ಕನೆಯದು ಉಚಿತ ಸ್ಪಿನ್‌ಗಳಿಗೆ ಇರುವ ಗೆಲುವಿನ ಮಿತಿ. ಎಷ್ಟೇ ಬಂದರೂ ಕೈಗೆ ಸಿಗುವುದು ಇಷ್ಟೇ ಎಂದು ಮೊದಲೇ ಗೆರೆ ಎಳೆದಿರುತ್ತಾರೆ. ಸೋಲಿಗೆ ಮಾತ್ರ ಅಂಥ ಗೆರೆ ಇಲ್ಲ.

ಐದನೆಯದು ನಮ್ಮ ಊರುಗಳನ್ನು ನೋಡಿಯೇ ಬರೆದಂತಿದೆ. 'ಒಂದು ಮನೆ, ಒಂದು ಸಾಧನ, ಒಂದು ಐಪಿ ವಿಳಾಸಕ್ಕೆ ಒಂದೇ ಖಾತೆ.' ಹಾಸ್ಟೆಲ್‌ನ ಒಂದೇ ವೈಫೈಯಲ್ಲಿ ನಲವತ್ತು ಹುಡುಗರು ಇರುತ್ತಾರೆ. ಅಣ್ಣ ತಮ್ಮ ಇಬ್ಬರಿಗೂ ಒಂದೇ ಮೊಬೈಲ್ ಇರುತ್ತದೆ. ಒಂದೇ ಮೊಬೈಲ್ ಕಂಪನಿಯ ಎಷ್ಟೋ ಗಿರಾಕಿಗಳು ಒಂದೇ ಐಪಿ ವಿಳಾಸ ಹಂಚಿಕೊಂಡಿರುತ್ತಾರೆ. ಈ ಷರತ್ತಿನ ಪ್ರಕಾರ ಇವರೆಲ್ಲ ಮೋಸಗಾರರು. ಇದೂ ಅಷ್ಟೇ, ಠೇವಣಿ ಹಾಕುವಾಗ ಯಾರಿಗೂ ನೆನಪಾಗುವುದಿಲ್ಲ.

ಆರನೆಯದು ದಾಖಲೆ ಪರಿಶೀಲನೆ. ಹಣ ಹಾಕಲು ಒಂದು ಯುಪಿಐ ಪಿನ್ ಸಾಕು. ಹಣ ತೆಗೆಯಲು ಆಧಾರ್, ಪ್ಯಾನ್, ಪಾಸ್‌ಬುಕ್, ಮುಖದ ಫೋಟೊ ಎಲ್ಲ ಬೇಕು. ಆಧಾರ್‌ನಲ್ಲಿ ಮಲ್ಲಪ್ಪ, ಪಾಸ್‌ಬುಕ್‌ನಲ್ಲಿ ಮಲ್ಲೇಶಪ್ಪ ಎಂದಿದ್ದರೆ ಏನಾಗುತ್ತದೆ ಎಂದು ಪಿಂಚಣಿಗೆ, ಬೆಳೆ ಪರಿಹಾರಕ್ಕೆ ಅಲೆದವರಿಗೆ ನಾವು ಹೇಳಬೇಕಿಲ್ಲ. ನಾಡಕಚೇರಿಯಲ್ಲಾದರೆ ಒಂದು ಮುಖವಾದರೂ ಇರುತ್ತದೆ, ಜಗಳ ಆಡಬಹುದು. ಇಲ್ಲಿ ಉತ್ತರಿಸುವುದು ಚಾಟ್ ಯಂತ್ರ. ಪರಿಶೀಲನೆ ನಡೆಯುವ ಎರಡು ಮೂರು ದಿನ 'ಹಿಂಪಡೆಯುವ ಕೋರಿಕೆ ರದ್ದು ಮಾಡಿ, ಆಟ ಮುಂದುವರಿಸಿ' ಎಂಬ ಗುಂಡಿ ಮಾತ್ರ ದೊಡ್ಡದಾಗಿ ಹೊಳೆಯುತ್ತಿರುತ್ತದೆ.

ಕೊನೆಯದು ಇವೆಲ್ಲಕ್ಕೂ ಅಪ್ಪ. 'ಅಸಹಜ ಆಟ ಎಂದು ಕಂಡುಬಂದರೆ, ಕಂಪನಿಯ ಸ್ವಂತ ವಿವೇಚನೆಯಂತೆ, ಯಾವುದೇ ಕಾರಣ ನೀಡದೆ ಖಾತೆ ಮುಚ್ಚಬಹುದು.' ಅಸಹಜ ಎಂದರೆ ಏನು, ಅದನ್ನು ತೀರ್ಮಾನಿಸುವವರು ಯಾರು? ಎರಡಕ್ಕೂ ಉತ್ತರ ಒಂದೇ: ಕಂಪನಿ. ಈ ಒಂದು ಸಾಲು ಇದ್ದಮೇಲೆ ಉಳಿದ ನಲವತ್ತು ಪುಟ ಓದಿ ಏನು ಪ್ರಯೋಜನ?

ಮಹಾಭಾರತದ ಎರಡನೇ ಜೂಜಿಗೂ ಷರತ್ತು ಇತ್ತು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ, ಆ ವರ್ಷ ಸಿಕ್ಕಿಬಿದ್ದರೆ ಮತ್ತೆ ಹನ್ನೆರಡು ವರ್ಷ. ಕ್ರೂರ ಷರತ್ತೇ. ಆದರೆ ತುಂಬಿದ ಸಭೆಯಲ್ಲಿ, ಧರ್ಮರಾಯನಿಗೆ ಅರ್ಥವಾಗುವ ಭಾಷೆಯಲ್ಲಿ, ದಾಳ ಉರುಳುವ ಮೊದಲೇ ಹೇಳಿದ್ದರು. ನಮ್ಮ ಹುಡುಗರಿಗೆ ಆ ಮರ್ಯಾದೆಯೂ ಸಿಕ್ಕಿಲ್ಲ. ಕರೆ ಕನ್ನಡದಲ್ಲಿ, ಕುಣಿಯುವ ರೀಲ್ಸ್ ಕನ್ನಡದಲ್ಲಿ, ವಾಟ್ಸ್ಆ್ಯಪ್‌ನಲ್ಲಿ 'ಬ್ರೋ, ಇನ್ನೊಂದ್ ಸಲ ಹಾಕು' ಎನ್ನುವ ಏಜೆಂಟನ ಮಾತೂ ಕನ್ನಡ. ಷರತ್ತು ಮಾತ್ರ ವಕೀಲರ ಇಂಗ್ಲಿಷ್. ಅದರಲ್ಲೂ ಒಂದು ಸಾಲು ಇರುತ್ತದೆ: 'ಅನುವಾದದಲ್ಲಿ ವ್ಯತ್ಯಾಸವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ.'

ಕಾನೂನು ಇರುವ ಊರಲ್ಲಿ, ಇಲ್ಲದ ಊರಲ್ಲಿ

ಜೂಜು ಕಾನೂನುಬದ್ಧವಾಗಿರುವ ಬ್ರಿಟನ್ನಿನಲ್ಲೂ ಈ ಷರತ್ತುಗಳ ವಿರುದ್ಧ ಜಗಳ ನಡೆದಿದೆ. 2018ರಲ್ಲಿ ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ, ಆಟಗಾರ ತನ್ನದೇ ಹಣ ವಾಪಸ್ ಪಡೆಯಲು ಪದೇ ಪದೇ ಆಡುವಂತೆ ಮಾಡಬಾರದು ಎಂದು ಕೆಲವು ದೊಡ್ಡ ಕಂಪನಿಗಳಿಂದ ಒಪ್ಪಿಗೆ ಬರೆಸಿಕೊಂಡಿತು. 2025ರಲ್ಲಿ ಅಲ್ಲಿನ ಜೂಜು ಆಯೋಗ, ಬೋನಸ್ಸಿನ ಪಣದ ಷರತ್ತು ಹತ್ತು ಪಟ್ಟು ದಾಟಬಾರದು ಎಂಬ ನಿಯಮವನ್ನು ಪ್ರಕಟಿಸಿತು. ಇಲ್ಲಿ ನಮ್ಮ ಹುಡುಗರ ಮುಂದೆ ಇಡುತ್ತಿರುವುದು ಮೂವತ್ತೈದು, ಐವತ್ತು.

ಅದೇ ದೇಶದ ಇನ್ನೊಂದು ಪ್ರಕರಣ. 2018ರ ಜನವರಿಯಲ್ಲಿ ಒಬ್ಬ ಆಟಗಾರ ಬೆಟ್‌ಫ್ರೆಡ್ ಕಂಪನಿಯ ಬ್ಲ್ಯಾಕ್‌ಜಾಕ್ ಆಟದಲ್ಲಿ ಮೊಬೈಲ್‌ನಲ್ಲೇ 17 ಲಕ್ಷ ಪೌಂಡ್‌ಗೂ ಹೆಚ್ಚು ಗೆದ್ದರು. ಸಾಫ್ಟ್‌ವೇರ್ ದೋಷದಿಂದ ಹಾಗಾಯಿತು, ದೋಷವಿದ್ದರೆ ಕೊಡಬೇಕಿಲ್ಲ ಎಂದು ಷರತ್ತಿನಲ್ಲಿದೆ ಎಂದು ಕಂಪನಿ ಕೈಯೆತ್ತಿತು. ಅವರು ಕೋರ್ಟಿಗೆ ಹೋದರು. 2021ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಆಟಗಾರನ ಪರ ತೀರ್ಪು ಕೊಟ್ಟಿತು. ಆ ಷರತ್ತುಗಳು ಕಂಪನಿ ಹೇಳುವ ಅರ್ಥ ಕೊಡುವುದಿಲ್ಲ, ಅವನ್ನು ಆಟಗಾರನ ಗಮನಕ್ಕೆ ಸರಿಯಾಗಿ ತಂದೂ ಇಲ್ಲ ಎಂದಿತು. ಮೂರು ವರ್ಷ ಹಿಡಿಯಿತು, ಆದರೆ ತಟ್ಟಲು ಒಂದು ಬಾಗಿಲಿತ್ತು.

ನಮ್ಮಲ್ಲಿ ಆ ಬಾಗಿಲೇ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರು ಅಸಿಂಧು. ಬಾಜಿಯಲ್ಲಿ ಗೆದ್ದೆನೆಂದು ಹಣ ವಸೂಲಿಗೆ ದಾವೆ ಹೂಡುವಂತಿಲ್ಲ. ಕುದುರೆ ರೇಸಿನ ಬಹುಮಾನಕ್ಕೆ ಒಂದಿಷ್ಟು ವಿನಾಯಿತಿ ಬಿಟ್ಟರೆ ನಿಯಮ ಇದೇ. ಅಂದರೆ ನೀವು 'ಒಪ್ಪಿದೆ' ಎಂದು ಟಿಕ್ ಹಾಕಿದ ಆ ನಲವತ್ತು ಪುಟ, ನಿಮ್ಮ ಪರವಾಗಿ ಯಾವ ನ್ಯಾಯಾಲಯದಲ್ಲೂ ನಿಲ್ಲುವುದಿಲ್ಲ. ಕಂಪನಿಗೆ ಆ ಕಾಗದವನ್ನು ಕೋರ್ಟಿಗೆ ಒಯ್ಯುವ ಅಗತ್ಯವೇ ಬೀಳುವುದಿಲ್ಲ, ಹಣ ಮೊದಲೇ ಅವರ ಕೈಯಲ್ಲಿದೆ.

ಷರತ್ತಿನಲ್ಲೇ ಇನ್ನೊಂದು ಸಾಲು ಹುಡುಕಿ ನೋಡಿ: 'ತಾನಿರುವ ಸ್ಥಳದಲ್ಲಿ ಆನ್‌ಲೈನ್ ಜೂಜು ಕಾನೂನುಬದ್ಧ ಎಂದು ಆಟಗಾರನೇ ದೃಢೀಕರಿಸುತ್ತಾನೆ.' ಜೂಜು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧವಾಗಿರುವ ರಾಜ್ಯದಲ್ಲಿ ಕೂತ ಹುಡುಗ, ಒಂದು ಟಿಕ್‌ನಿಂದ ಸುಳ್ಳು ಪ್ರಮಾಣ ಮಾಡಿರುತ್ತಾನೆ. ನಾಳೆ ಅವನು ಗೆದ್ದರೆ 'ನೀನು ಸುಳ್ಳು ಹೇಳಿದ್ದೀಯ' ಎಂದು ಹಣ ತಡೆಯಲು ಆ ಟಿಕ್ಕೇ ಸಾಕು. ವ್ಯಾಜ್ಯವಿದ್ದರೆ ಎಲ್ಲಿಗೆ ಹೋಗಬೇಕು? ಇಂಥ ಬಹಳಷ್ಟು ತಾಣಗಳ ಪರವಾನಗಿ ಇರುವುದು ಕ್ಯುರಸಾವೊದಲ್ಲಿ. ವೆನೆಜುವೆಲಾ ಕರಾವಳಿಯಾಚೆಯ ಕೆರಿಬಿಯನ್ ದ್ವೀಪ ಅದು. ತಾಲ್ಲೂಕು ಕೋರ್ಟಿಗೆ ಹೋಗಲು ಬಸ್ಸಿನ ದುಡ್ಡು ಎಣಿಸುವವನು ಅಲ್ಲಿಗೆ ಹೋಗಿ ಕೇಳಬೇಕಂತೆ.

ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಕೌಶಲದ ಆಟಗಳನ್ನೂ ಸೇರಿಸಿದ್ದರಿಂದ 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲವೋ ಅದೃಷ್ಟವೋ, ಹಣ ಒಡ್ಡುವ ಆಟ ಒದಗಿಸುವುದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿವರೆಗೆ ದಂಡ, ಅಥವಾ ಎರಡೂ. ಜಾಹೀರಾತು ಹಾಕಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ, ಅದು ಸರಿಯೇ. ಡ್ರೀಮ್11, ಎಂಪಿಎಲ್‌ನಂಥ ದೇಶೀ ಕಂಪನಿಗಳು ಹಣದ ಆಟ ನಿಲ್ಲಿಸಿದವು. ವಿದೇಶದ ತಾಣಗಳು ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು ಮತ್ತೆ ಬರುತ್ತವೆ. ಇಂದು ಬೋನಸ್ ಆಸೆ ತೋರಿಸಿ ಕರೆಯುತ್ತಿರುವವರು ಇವರೇ.

ಇಲ್ಲಿ ಷರತ್ತಿನ ಪುಟದಲ್ಲಿ ಇಲ್ಲವೇ ಇಲ್ಲದ ಒಂದು ಅಪಾಯವನ್ನು ಹೇಳಲೇಬೇಕು. ಈ ತಾಣಗಳು ಹಣ ಪಡೆಯುವುದು ತಮ್ಮ ಹೆಸರಿನ ಖಾತೆಗೆ ಅಲ್ಲ. ಪ್ರತಿ ಸಲ ಬೇರೆ ಯುಪಿಐ ಐಡಿ, ಯಾರದೋ ಹೆಸರು. ಕಮಿಷನ್ ಆಸೆಗೆ ಪಾಸ್‌ಬುಕ್, ಸಿಮ್ ಬಾಡಿಗೆಗೆ ಕೊಟ್ಟ ಬಡವರ, ವಿದ್ಯಾರ್ಥಿಗಳ ಖಾತೆಗಳು ಅವು. ಗೆದ್ದ ಹಣ ಬರುವುದೂ ಅಂಥ ಖಾತೆಗಳಿಂದಲೇ. ಅದು ಇನ್ನೆಲ್ಲೋ ಸೈಬರ್ ವಂಚನೆಗೆ ಸಿಕ್ಕವರ ಹಣವಾಗಿದ್ದರೆ, ದೂರು ದಾಖಲಾದ ಮೇಲೆ ಆ ಜಾಡು ಹಿಡಿದು ನಿಮ್ಮ ಖಾತೆಯೂ ಸ್ಥಗಿತವಾಗಬಹುದು. ಕೂಲಿ ಹಣ, ಪಿಎಂ ಕಿಸಾನ್ ಕಂತು, ಹಾಲಿನ ಬಟವಾಡೆ ಎಲ್ಲ ಬರುವುದು ಅದೇ ಒಂದು ಖಾತೆಗೆ. ಐನೂರು ರೂಪಾಯಿ ಗೆದ್ದವನ ಮನೆಯ ಅಷ್ಟೂ ವ್ಯವಹಾರ ನಿಲ್ಲುತ್ತದೆ.

'ಮೊದಲೂ ಜೂಜು ಇತ್ತಲ್ಲ?'

ಇತ್ತು. ಇಸ್ಪೀಟು ಇತ್ತು, ಅಂದರ್ ಬಾಹರ್ ಇತ್ತು, ಓಸಿ ಬರೆಸುವವರು ಈಗಲೂ ಇದ್ದಾರೆ. ಅದನ್ನು ನಾವು ಒಳ್ಳೆಯದೆಂದು ಹೇಳುತ್ತಿಲ್ಲ. ಓಸಿಯಿಂದ ಹೊಲ ಮಾರಿಕೊಂಡ ಮನೆಗಳು ಎಲ್ಲ ಊರಲ್ಲೂ ಇವೆ. ಆದರೆ ಅಲ್ಲಿ ಗೆದ್ದರೆ ಎಷ್ಟು ಎನ್ನುವುದು ಚೀಟಿ ಬರೆಸುವ ಮೊದಲೇ ಬಾಯಲ್ಲಿ ತೀರ್ಮಾನವಾಗಿರುತ್ತಿತ್ತು. ಚೀಟಿ ಬರೆಯುವವನ ಮನೆ ಗೊತ್ತಿತ್ತು. ಜೇಬು ಖಾಲಿಯಾದರೆ ಎದ್ದು ಬರಬೇಕಿತ್ತು. ರಾತ್ರಿ ಎರಡು ಗಂಟೆಗೆ 'ನಿಮಗಾಗಿ ಶೇ 50 ರಿಲೋಡ್ ಬೋನಸ್' ಎಂದು ಅವನು ಹಾಸಿಗೆಯ ಪಕ್ಕ ಬಂದು ಎಬ್ಬಿಸುತ್ತಿರಲಿಲ್ಲ. ಸೋತವನನ್ನು ಗುರುತು ಹಿಡಿದು, ಸೋತ ಗಳಿಗೆಯಲ್ಲೇ ಮತ್ತೆ ಆಸೆ ತೋರಿಸುವ ಕೆಲಸ ಈಗ ಯಂತ್ರಕ್ಕೆ ಸಿಕ್ಕಿದೆ.

'ಓದು ಬಲ್ಲವರು ಓದಿ ಆಡಲಿ, ಅದು ಅವರ ಸ್ವಾತಂತ್ರ್ಯ' ಎಂಬ ವಾದವೂ ಇದೆ. ಸ್ವಾತಂತ್ರ್ಯಕ್ಕೆ ನಮ್ಮ ತಕರಾರಿಲ್ಲ. ಆದರೆ ಒಪ್ಪಂದ ಎಂದರೆ ಎರಡು ಕಡೆಯನ್ನೂ ಕಟ್ಟಬೇಕು. ಒಂದು ಕಡೆಯವರು ಯಾವಾಗ ಬೇಕಾದರೂ ತಿದ್ದಬಹುದಾದ, ಇನ್ನೊಂದು ಕಡೆಯವರು ಎಲ್ಲಿಯೂ ಪ್ರಶ್ನಿಸಲಾಗದ ಕಾಗದವನ್ನು ಒಪ್ಪಂದ ಎನ್ನುವುದು ಭಾಷೆಗೆ ಮಾಡುವ ಅಪಚಾರ.

ನಮ್ಮ ವೃತ್ತಿಯವರಿಗೆ ಒಂದು ಮಾತು

ಈಗ ಮೊದಲ ಪ್ಯಾರಾದ ಲೇಖನಕ್ಕೆ ಬರೋಣ. ಆನ್‌ಲೈನ್ ಬೆಟ್ಟಿಂಗ್ ಜಾಹೀರಾತು ಪ್ರಕಟಿಸಬೇಡಿ ಎಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2022ರ ಜೂನ್‌ನಲ್ಲೇ ಮಾಧ್ಯಮಗಳಿಗೆ ಸೂಚಿಸಿತ್ತು. ಸುದ್ದಿತಾಣದ ವೇಷದಲ್ಲಿ ಬರುವ ಬೆಟ್ಟಿಂಗ್ ಜಾಹೀರಾತುಗಳ ಬಗ್ಗೆಯೂ ಅದೇ ವರ್ಷ ಅಕ್ಟೋಬರ್‌ನಲ್ಲಿ ಎಚ್ಚರಿಸಿತ್ತು. 'ಪ್ರಾಯೋಜಿತ ಲೇಖನ', 'ಅತಿಥಿ ಬರಹ', 'ಮಾಹಿತಿಗಾಗಿ' ಎಂದು ಹಣೆಪಟ್ಟಿ ಬದಲಿಸಿದರೆ ಜಾಹೀರಾತು ಜಾಹೀರಾತಲ್ಲದೆ ಹೋಗುವುದಿಲ್ಲ. ಅದರಲ್ಲೂ 'ಷರತ್ತು ಓದುವುದು ಹೇಗೆ' ಎಂಬ ಲೇಖನ ಹೆಚ್ಚು ಅಪಾಯಕಾರಿ. ನೇರ ಜಾಹೀರಾತನ್ನು ಓದುಗ ಅನುಮಾನದಿಂದ ನೋಡುತ್ತಾನೆ, ಹಿತವಚನವನ್ನು ನಂಬುತ್ತಾನೆ. ಪತ್ರಿಕೆಯ ಹೆಸರಿಗೆ ಊರಲ್ಲಿ ಇರುವ ನಂಬಿಕೆಯನ್ನೇ ಇವರು ಬಾಡಿಗೆಗೆ ಕೇಳುತ್ತಿದ್ದಾರೆ. ಸ್ಟ್ರಿಂಜರ್‌ಗೆ ತಿಂಗಳ ಸಂಬಳವಿಲ್ಲ, ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ ಎಂಬುದು ಅವರಿಗೂ ಗೊತ್ತು. ಆ ಹಸಿವನ್ನು ಲೆಕ್ಕ ಹಾಕಿಯೇ ದರ ಕಟ್ಟುತ್ತಾರೆ. ಪತ್ರಿಕೆಗಳ ಮಾಲೀಕರು ಸ್ಟ್ರಿಂಜರ್‌ಗಳಿಗೆ ಬದುಕುವಷ್ಟು ಕೊಡದಿದ್ದರೆ ಈ ಬಾಗಿಲು ಮುಚ್ಚುವುದಿಲ್ಲ, ಅದನ್ನೂ ಹೇಳಿಯೇ ಬಿಡುತ್ತೇವೆ.

ಇನ್ನೊಂದು, ಸುದ್ದಿ ಬರೆಯುವ ರೀತಿ. 'ಆನ್‌ಲೈನ್ ಗೇಮ್ ಚಟಕ್ಕೆ ಯುವಕ ಬಲಿ' ಎಂದು ನಾಲ್ಕು ಸಾಲು. ಯಾವ ಆಪ್, ಅದನ್ನು ತೋರಿಸಿದ್ದು ಯಾರು, ಹಣ ಹೋದದ್ದು ಯಾವ ಖಾತೆಗಳಿಗೆ, ಬ್ಯಾಂಕು ಏನು ಮಾಡಿತು ಎಂಬ ಒಂದು ಪ್ರಶ್ನೆಯೂ ಇರುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪತ್ರಿಕೋದ್ಯಮ ಇದು. ಸತ್ತವನ ಹೆಸರು, ಫೋಟೊ, ಸಾಲದ ಮೊತ್ತ ಅಚ್ಚಾಗುತ್ತದೆ. ಹಣ ನುಂಗಿದವರದು ಏನೂ ಅಚ್ಚಾಗುವುದಿಲ್ಲ. ಇದನ್ನು ತಿರುಗಿಸಬೇಕು. ಮನೆಯವರ ಮಾನ ಕಾಯುತ್ತಲೇ, ಹಣದ ಜಾಡನ್ನು ಪೊಲೀಸರಲ್ಲಿ, ಬ್ಯಾಂಕಿನಲ್ಲಿ ಕೇಳಬೇಕು. ಎಷ್ಟು ಯುಪಿಐ ಐಡಿಗಳನ್ನು ನಿಲ್ಲಿಸಿದಿರಿ, ಖಾತೆ ಬಾಡಿಗೆಗೆ ಪಡೆದವನನ್ನು ಹಿಡಿದಿರಾ ಎಂದು ಎಸ್‌ಪಿ ಅವರ ಪತ್ರಿಕಾಗೋಷ್ಠಿಯಲ್ಲಿ ಎದ್ದು ಕೇಳಬೇಕು.

ಓದುಗರಿಗೆ ಹೇಳುವುದು ಎರಡೇ. ಹಣ ಕಳೆದುಕೊಂಡಿದ್ದರೆ, ವಂಚನೆ ಎನಿಸಿದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ. ಮನಸ್ಸು ಕುಗ್ಗಿದ್ದರೆ, ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಫೋನ್ ಹಿಡಿದೇ ಕೂತಿದ್ದರೆ 14416, ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೈದು ಫೋನ್ ಕಿತ್ತುಕೊಳ್ಳುವ ಮೊದಲು ಸಾಲ ಎಷ್ಟಿದೆ ಎಂದು ಕೂತು ಕೇಳಿ. ಬಹಳ ಮನೆಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರುವುದೇ ಇಲ್ಲ.

ಇನ್ನು ಆ ಲೇಖನ ಕಳಿಸುವವರಿಗೆ ನಮ್ಮದೂ ಒಂದು ಷರತ್ತಿದೆ. ನಿಮ್ಮ ನಲವತ್ತು ಪುಟವನ್ನೂ ಕನ್ನಡಕ್ಕೆ ತನ್ನಿ. 2,000 ಹಾಕಿದರೆ 1,40,000 ಒಡ್ಡಬೇಕು, ಸರಾಸರಿ 5,600 ಹೋಗುತ್ತದೆ ಎಂಬುದನ್ನು 'ಶೇ 100 ಬೋನಸ್' ಎಂಬುದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಹಾಗೆ ಹಾಕಿದ ದಿನ ಅದನ್ನು ಒಪ್ಪುವವರು ಯಾರೂ ಸಿಗುವುದಿಲ್ಲ ಎಂದು ನಿಮಗೂ ಗೊತ್ತು. ಅದಕ್ಕೇ ಅಲ್ಲವೇ ನೀವು ಅದನ್ನು ಸಣ್ಣಕ್ಷರದಲ್ಲಿ ಬರೆದಿರುವುದು?